ಗರುಡಗಂಬದ ಮುಂದೆ

‘ಏಜ್ ಆಫ್ ಎಂಪೈರ್ಸ್ 2’ ಆಟಕ್ಕೆ 2022ರಲ್ಲಿ ದ್ರಾವಿಡರ ಪಡೆ ಬಂತು. ಅಲ್ಲಿಂದ ನಾನು ಅದೇ ಪಕ್ಷ. ಅದರಲ್ಲೂ ಉರುಮಿ ಬೀಸೋ ಕಾಲಾಳು ಅಂದ್ರೆ ಪ್ರಾಣ. ಆದರೆ ಶತ್ರುವಿನ ಮೇಲೆ ಮೊದಲು ನುಗ್ಗಿಸೋದೂ ಅವರನ್ನೇ. ಸತ್ತರೆ ಒಂದಿಷ್ಟು ಆಹಾರ, ಚಿನ್ನ ಸುರಿದು ಹೊಸಬರನ್ನು ತರೋದು.

ಮೊನ್ನೆ ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಹೋಗಿದ್ದೆ. ಹೊಯ್ಸಳೇಶ್ವರ ಗುಡಿಯ ಹತ್ತಿರ ಒಂದು ಗರುಡಗಂಬ ಇದೆ. ಗರುಡರು ಅಂದರೆ ಒಡೆಯನ ಜೊತೆಗೇ ಸಾಯ್ತೀವಿ ಅಂತ ಮಾತು ಕೊಟ್ಟ ಅಂಗರಕ್ಷಕರು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಆ ಮಾತು ನಡೆಸಿದ. ಹೆಂಡತಿ, ಜೊತೆಗಾರರು ಕೂಡ ಹೋದರು. ತಲೆ ಕೊಡುವ ವೀರರನ್ನು ಕಂಬದಲ್ಲೇ ಕಡೆದಿದ್ದಾರೆ.

ಲಕ್ಷ್ಮನ ನಿಷ್ಠೆ ದೊಡ್ಡದು, ಒಪ್ಪಿದೆ. ಅವನ ಹಿಂದಿದ್ದವರಿಗೆ ‘ನಾನೊಲ್ಲೆ’ ಅನ್ನೋ ದಾರಿ ಇತ್ತಾ? ನನ್ನ ತಕರಾರು ಮಾತು ಕೊಟ್ಟವರ ಮೇಲಲ್ಲ, ಅಂಥ ಮಾತು ಪಡೆಯುವ ಸಿಂಹಾಸನದ ಮೇಲೆ. ಪರದೆಯ ಆಳುಗಳಿಗೆ ನೋವಿಲ್ಲ, ಗೊತ್ತು. ಆದರೂ ಅಲ್ಲಿ ಸಿಂಹಾಸನದಲ್ಲಿ ಕೂತಿರೋನು ನಾನೇ ತಾನೆ? ‘ಇಷ್ಟ’ ಅಂತೀನಿ ಬೇರೆ.

ರಾತ್ರಿ ಬೇಲೂರಿನ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆಗೆದು, ಉರುಮಿಯವರನ್ನು ಹಿಂದೆ ನಿಲ್ಲಿಸಿ ಆಡಿದೆ. ಸೋತೆ. ಮುಂದಿನ ಆಟಕ್ಕೆ ಮತ್ತೆ ಅವರನ್ನೇ ಮುಂದೆ ಬಿಟ್ಟೆ.