ಕಿನ್ನರಿ ಯಾರ ಮುಂದೆ ನುಡಿಯುತ್ತಿದೆ?



ದೂರಾ ಎಂಬ ಬಯಲಿನಲ್ಲಿ ಅರಸನಾದ ನೆಬೂಕದ್ನೆಚ್ಚರನು ಅರವತ್ತು ಮೊಳ ಎತ್ತರದ ಬಂಗಾರದ ಪ್ರತಿಮೆಯನ್ನು ನಿಲ್ಲಿಸಿ, ತುತೂರಿ, ಕೊಳಲು, ಕಿನ್ನರಿಗಳ ಧ್ವನಿ ಕಿವಿಗೆ ಬಿದ್ದ ಕ್ಷಣವೇ ಸಕಲರೂ ಅಡ್ಡಬೀಳಬೇಕೆಂದು ಸಾರಿಸಿದನು. ವಾದ್ಯಗಳು ಮೊಳಗಿದವು, ಬಯಲೆಲ್ಲ ಬಾಗಿತು. ಅದೇ ತುತೂರಿಯನ್ನು, ಅದೇ ಕೊಳಲನ್ನು, ಅದೇ ಕಿನ್ನರಿಯನ್ನು ಕೀರ್ತನೆಗಳ ಪುಸ್ತಕದ ಕಟ್ಟಕಡೆಯ ಅಧ್ಯಾಯವು ಹೆಸರು ಹಿಡಿದು ಕರೆಯುತ್ತದೆ, ಬಂದು ಕರ್ತನನ್ನು ಕೊಂಡಾಡಿರಿ ಎಂದು ಕರೆಯುತ್ತದೆ. ವಾದ್ಯ ಒಂದೇ, ನಾದ ಒಂದೇ. ಒಂದು ಕಡೆ ಅದು ಆತ್ಮಗಳನ್ನು ವಿಗ್ರಹದ ಪಾದಕ್ಕೆ ಎಳೆಯಿತು, ಇನ್ನೊಂದು ಕಡೆ ಜೀವಸ್ವರೂಪನಾದ ದೇವರ ಸನ್ನಿಧಿಗೆ ಏರಿಸಿತು. ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಆ ಮೂವರು ಯೌವನಸ್ಥರು ವಾದ್ಯಗಳನ್ನು ಒಡೆದರೆಂದು ಸತ್ಯವೇದ ಹೇಳುವುದಿಲ್ಲ, ಕಿವಿ ಮುಚ್ಚಿಕೊಂಡು ಓಡಿದರೆಂದೂ ಹೇಳುವುದಿಲ್ಲ. ನಾದ ಅವರ ಕಿವಿಗೂ ಬಿತ್ತು. ಆದರೆ ಅವರ ಮೊಣಕಾಲು ಬಾಗಲಿಲ್ಲ. ಪ್ರಿಯರೇ, ನಮ್ಮ ಮನೆಮನೆಯಲ್ಲೂ ಇಂದು ಎದ್ದಿರುವ ಪ್ರಶ್ನೆಗೆ ನಾನು ಉತ್ತರ ಹುಡುಕುವುದು ಆ ಬಾಗದ ಮೊಣಕಾಲಿನಲ್ಲಿ.

ತಾಯಂದಿರು ಆರಾಧನೆ ಮುಗಿದ ಮೇಲೆ ನನ್ನ ಬಳಿ ನಿಂತು ಕೇಳುತ್ತಾರೆ: ಅಯ್ಯನವರೇ, ಮಗನ ಕಿವಿಯಿಂದ ಇಯರ್‌ಫೋನ್ ಇಳಿಯುವುದೇ ಇಲ್ಲ, ರಾಪ್ ಅಂತೆ, ಮಗಳು ಕೊರಿಯಾದ ಹುಡುಗರ ಹಾಡಿಗೆ ಕುಣಿಯುತ್ತಾಳೆ, ಇದು ಪಾಪ ಅಲ್ಲವೇ? ಮಕ್ಕಳು ಬೇರೆ ದನಿಯಲ್ಲಿ ಕೇಳುತ್ತಾರೆ: ಬರೀ ಹಾಡು ತಾನೇ ಅಯ್ಯನವರೇ, ಅದರ ಮಾತನ್ನು ಯಾರು ಗಮನಿಸುತ್ತಾರೆ? ತಾಯಿಯ ಭಯದಲ್ಲಿ ಪ್ರೀತಿಯಿದೆ, ಅದನ್ನು ನಾನು ಗೌರವಿಸುತ್ತೇನೆ. ಮಗನ ಪ್ರಶ್ನೆಯಲ್ಲಿ ಪ್ರಾಮಾಣಿಕತೆಯಿದೆ, ಅದನ್ನೂ ಗೌರವಿಸುತ್ತೇನೆ. ಆದರೆ ಇಬ್ಬರೂ ಕರ್ತನ ವಾಕ್ಯದ ಮುಂದೆ ಕೂಡಬೇಕು, ಇಬ್ಬರನ್ನೂ ಆ ವಾಕ್ಯ ತಿದ್ದಬೇಕು.

ಮೊದಲು ಹಿರಿಯರಾದ ನಮಗೆ. ನಾವು ಹಳೆಯದೆಂದು ಅಪ್ಪಿಕೊಂಡಿರುವುದೆಲ್ಲ ಒಂದು ದಿನ ಹೊಸದಾಗಿತ್ತು, ನಾವು ಪವಿತ್ರವೆಂದು ಬಗೆದಿರುವ ಎಷ್ಟೋ ಸ್ವರಗಳು ಒಂದು ದಿನ ಸಂಶಯದ ಬಾಗಿಲಲ್ಲಿ ಕಾದು ನಿಂತಿದ್ದವು. 386ರಲ್ಲಿ ಮಿಲಾನ್ ಪಟ್ಟಣದ ಬಿಷಪರಾದ ಅಂಬ್ರೋಸರ ಮೇಲೆ ಅರಮನೆಯವರು ಕೆಂಡ ಕಾರುತ್ತಿದ್ದಾಗ, ವಿಶ್ವಾಸಿಗಳು ದೇವಾಲಯವನ್ನು ಬಿಟ್ಟು ಕದಲದೆ ಕಾವಲು ಕುಳಿತರು. ದುಃಖದಲ್ಲಿ ಜನ ಕುಗ್ಗಿಹೋಗಬಾರದೆಂದು ಆಗ ಪೂರ್ವದೇಶದ ಸಭೆಗಳ ರೀತಿಯಲ್ಲಿ ಹಾಡುವುದನ್ನು ಅಲ್ಲಿ ಆರಂಭಿಸಿದರು. ಮಿಲಾನಿಗೆ ಅದು ಹೊಸ ಶೈಲಿ. ಮರುವರ್ಷ ಅಲ್ಲಿಯೇ ದೀಕ್ಷಾಸ್ನಾನ ಪಡೆದ ಅಗಸ್ಟೀನರು ಆ ಹಾಡಿಗೆ ಕಣ್ಣೀರು ಸುರಿಸಿದರು. ಮುಂದೆ ತಮ್ಮ ಆತ್ಮನಿವೇದನೆಯಲ್ಲಿ, ಹಾಡಿದ ವಿಷಯಕ್ಕಿಂತ ಹಾಡಿಕೆಯೇ ತಮ್ಮನ್ನು ಹೆಚ್ಚು ಕದಡಿದಾಗ ತಾವು ಪಾಪ ಮಾಡಿದೆವೆಂದು ದೇವರ ಮುಂದೆ ಅರಿಕೆಮಾಡಿಕೊಂಡರು. ನೋಡಿ, ಆ ಮಹಾಪುರುಷರ ಮನಸ್ಸಾಕ್ಷಿ ಎಷ್ಟು ನವಿರು! ಅವರು ಸಂಗೀತವನ್ನು ಸಭೆಯಿಂದ ಹೊರಹಾಕಲಿಲ್ಲ. ತಮ್ಮ ಹೃದಯವನ್ನು ದೇವರ ಮುಂದೆ ತಂದಿಟ್ಟರು. 1903ರಲ್ಲಿ ರೋಮಿನ ಪೋಪರಾದ ಹತ್ತನೇ ಪಯಸ್ ಅವರು ದೇವಾಲಯದೊಳಗೆ ಪಿಯಾನೋ ನುಡಿಸಬಾರದೆಂದು ಆಜ್ಞೆ ಹೊರಡಿಸಿದ್ದರೆಂದರೆ ಇಂದು ನಂಬುವವರಾರು? ನಮ್ಮ ಭಾನುವಾರದ ಹಾರ್ಮೋನಿಯಂ ಕೂಡ ಹತ್ತೊಂಬತ್ತನೇ ಶತಮಾನದಲ್ಲಿ ಯೂರೋಪಿನಿಂದ ಬಂದ ವಾದ್ಯ. ನಮ್ಮ ಆಕಾಶವಾಣಿಯೇ 1940ರಲ್ಲಿ ಅದನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. ಮಂಗಳೂರಿಗೆ ಬಾಸೆಲ್ ಮಿಶನ್ನಿನಿಂದ ಬಂದ ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಜರ್ಮನಿಯ ರಾಗಕ್ಕೆ ಕಟ್ಟಲಿಲ್ಲ, ಈ ನೆಲದ ಛಂದಸ್ಸಿಗೆ ಕಟ್ಟಿದರು. ಸುವಾರ್ತೆಗೆ ಯಾವ ರಾಗವೂ ಅಸ್ಪೃಶ್ಯವಲ್ಲವೆಂದು ಅವರು ಬಲ್ಲವರಾಗಿದ್ದರು.

ಈಗ ಒಬ್ಬ ಮನುಷ್ಯನ ಬದುಕನ್ನು ನಿಮ್ಮ ಮುಂದೆ ಇಡುತ್ತೇನೆ. ತಾಳ್ಮೆಯಿಂದ ಕೇಳಿರಿ, ಏಕೆಂದರೆ ನಮ್ಮ ಪ್ರಶ್ನೆಯೆಲ್ಲ ಅವನ ಹತ್ತು ಬೆರಳುಗಳ ಮೇಲೆ ಹಾದುಹೋಗಿದೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1899ರಲ್ಲಿ ಒಬ್ಬ ಕಪ್ಪು ಬೋಧಕನ ಮಗನಾಗಿ ಥಾಮಸ್ ಡಾರ್ಸಿ ಹುಟ್ಟಿದನು. ಬೋಧಕನ ಮನೆಯ ಹುಡುಗ ಬೆಳೆದು ಷಿಕಾಗೋ ಪಟ್ಟಣ ಸೇರಿ ಬ್ಲೂಸ್ ಸಂಗೀತದ ಪಿಯಾನೋ ವಾದಕನಾದನು. ಜನ ಅವನನ್ನು ಜಾರ್ಜಿಯಾ ಟಾಮ್ ಎಂದು ಕರೆದರು. ಮಾ ರೇನಿ ಎಂಬ ಪ್ರಖ್ಯಾತ ಗಾಯಕಿಗೆ ಅವನು ಪಿಯಾನೋ ನುಡಿಸಿದನು. 1928ರಲ್ಲಿ ಗೆಳೆಯನೊಬ್ಬನೊಂದಿಗೆ ಹಾಡಿದ ಒಂದು ಹಾಡು, ಮನೆಯಲ್ಲಿ ಮಕ್ಕಳ ಮುಂದೆ ಹಾಡಲಾಗದಂಥ ಪೋಲಿ ಹಾಡು, ಬಿಸಿ ದೋಸೆಯಂತೆ ಖರ್ಚಾಯಿತು. ಹೀಗೆ ಹಾಡುತ್ತಿದ್ದ ಕಾಲದಲ್ಲೇ ಕರ್ತನು ಅವನನ್ನು ಕರೆಯುತ್ತಲೂ ಇದ್ದನು. ಅವನು ಸಭೆಗೆ ಬಂದನು, ಮತ್ತೆ ಹೋದನು. ದೇವರಿಗಾಗಿ ಬರೆದನು, ಮತ್ತೆ ಹಣಕ್ಕಾಗಿ ಬರೆದನು. ಮನಸ್ಸು ಕುಸಿದು ಹಾಸಿಗೆ ಹಿಡಿದ ಕಾಲವೂ ಅವನಿಗೆ ಬಂತು. ಮನಪರಿವರ್ತನೆ ಒಂದೇ ರಾತ್ರಿಯಲ್ಲಿ ಮುಗಿಯಬೇಕೆಂದು ನಾವು ಅವಸರಪಡುತ್ತೇವೆ. ಕೃಪೆಗೆ ಆ ಅವಸರವಿಲ್ಲ, ಅದು ವರ್ಷಗಟ್ಟಲೆ ಬೆನ್ನು ಬಿಡದೆ ನಡೆಯುತ್ತದೆ. ಅವನು ಬ್ಲೂಸಿನ ಆ ನೋವಿನ ಸ್ವರಗಳನ್ನು, ಆ ತೂಗುವ ಲಯವನ್ನು ಸುವಾರ್ತೆಯ ಮಾತಿಗೆ ಬೆಸೆದು ಸಭೆಗಳ ಬಾಗಿಲು ತಟ್ಟಿದಾಗ, ಹೆಂಡದಂಗಡಿಯ ಸಂಗೀತವನ್ನು ದೇವರ ಮನೆಗೆ ತರುತ್ತೀಯಾ ಎಂದು ಬೋಧಕರು ಬಾಗಿಲು ಮುಚ್ಚಿದರು.

1932ರ ಆಗಸ್ಟ್ ತಿಂಗಳು. ಗರ್ಭಿಣಿಯಾದ ಹೆಂಡತಿ ನೆಟ್ಟಿಯನ್ನು ಮನೆಯಲ್ಲಿ ಬಿಟ್ಟು ಅವನು ಸೇಂಟ್ ಲೂಯಿಸ್ ಪಟ್ಟಣದ ಉಜ್ಜೀವನ ಕೂಟದಲ್ಲಿ ಹಾಡಲು ಹೋಗಿದ್ದನು. ಅಲ್ಲಿ ಅವನ ಕೈಗೆ ಒಂದು ತಂತಿ ಬಂತು. ಹೆರಿಗೆಯಲ್ಲಿ ನೆಟ್ಟಿ ತೀರಿಕೊಂಡಿದ್ದಳು. ಅವನು ಮನೆಗೆ ಧಾವಿಸಿದನು. ಹುಟ್ಟಿದ ಗಂಡುಮಗುವೂ ಉಳಿಯಲಿಲ್ಲ. ತಾಯಿ ಮಗುವನ್ನು ಒಂದೇ ಪೆಟ್ಟಿಗೆಯಲ್ಲಿ ಮಣ್ಣುಮಾಡಿದರು. ದೇವರು ತನಗೆ ಅನ್ಯಾಯ ಮಾಡಿದನೆಂದು ಡಾರ್ಸಿ ಕುದಿದನು, ಇನ್ನು ಅವನ ಸೇವೆ ಬೇಡ, ಹಳೆಯ ಸಂಗೀತಕ್ಕೇ ಮರಳುತ್ತೇನೆ ಎಂದುಕೊಂಡನು. ಕೆಲವು ದಿನಗಳಾದ ಮೇಲೆ ಒಬ್ಬ ಸ್ನೇಹಿತ ಅವನನ್ನು ಪಿಯಾನೋ ಇದ್ದ ಒಂದು ಕೋಣೆಗೆ ಕರೆದೊಯ್ದನು. ಪೋಲಿ ಹಾಡು ನುಡಿಸಿದ್ದ ಅದೇ ಬೆರಳುಗಳು ಪಿಯಾನೋ ಮೇಲೆ ತಡವರಿಸಿದವು. ಬಾಲ್ಯದಿಂದ ಬಲ್ಲ ಒಂದು ಹಳೆಯ ಆರಾಧನಾ ರಾಗ ಬೆರಳಿಗೆ ಸಿಕ್ಕಿತು. ಆ ಹಳೆಯ ರಾಗದ ಮೇಲೆ ಬ್ಲೂಸಿನ ನರಳಿಕೆ ಹರಿಯಿತು. ದಣಿದ, ಬಲಗುಂದಿದ, ಸೋತುಹೋದ ತನ್ನ ಕೈಯನ್ನು ಕರ್ತನೇ ಹಿಡಿದು ನಡೆಸಲೆಂಬ ಪ್ರಾರ್ಥನೆ ಹಾಡಾಯಿತು. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್ ಪಟ್ಟಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು, ಗುಂಡು ತಗಲುವ ಕೆಲವೇ ಗಳಿಗೆ ಮುಂಚೆ, ಈ ರಾತ್ರಿಯ ಕೂಟದಲ್ಲಿ ಆ ಹಾಡನ್ನೇ ನುಡಿಸು ಎಂದು ಒಬ್ಬ ವಾದಕನನ್ನು ಕೇಳಿಕೊಂಡರು. ಅವರ ಶವಸಂಸ್ಕಾರದಲ್ಲಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಿದರು. ಪ್ರಿಯರೇ, ದೇವರು ಡಾರ್ಸಿಯ ಬೆರಳುಗಳನ್ನು ಕತ್ತರಿಸಿ ಹೊಸ ಬೆರಳು ಕೊಡಲಿಲ್ಲ. ಬೆರಳುಗಳನ್ನು ಕೊಂಡುಕೊಂಡನು, ಅವುಗಳಲ್ಲಿದ್ದ ಲಯವನ್ನೂ ಕೊಂಡುಕೊಂಡನು. ಬೆಲೆ ಕೊಟ್ಟದ್ದು ಕಲ್ವಾರಿಯ ರಕ್ತದಿಂದ.

ಷಿಕಾಗೋವಿನ ಬಾಗಿಲು ಮುಚ್ಚಿದವರನ್ನು ನಾವು ದೂಷಿಸುವ ಮುಂಚೆ ನಮ್ಮ ಬಾಗಿಲನ್ನು ನೋಡಿಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ತಮಟೆ ಬಡಿಯುವ ಮುನ್ನ ಒಣಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿದು, ಬೆರಳಿನಿಂದ ತಟ್ಟಿ ನೋಡಿದಾಗ ಖಣಿಲೆಂದರೆ ಆಗ ಕೊರಳಿಗೆ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಎಷ್ಟೋ ಕುಟುಂಬಗಳ ಅಜ್ಜಂದಿರು ಆ ತಮಟೆಯವರು. ಆ ವಾದ್ಯ ದೇವಾಲಯಕ್ಕೆ ಸಲ್ಲದೆಂದು ನಾವು ಮೂಗು ಮುರಿಯುವಾಗ, ನಮಗೆ ಬೇಡವಾದದ್ದು ನಾದವೋ, ಅದನ್ನು ಬಡಿದ ಕೈಗಳೋ? ರಾಪ್ ಅಂದೊಡನೆ ಹುಬ್ಬೇರಿಸುವ ನಾವು ಆ ಸಂಗೀತವನ್ನು ದ್ವೇಷಿಸುತ್ತೇವೋ, ಅದನ್ನು ಹಾಡುವ ಕೊಳೆಗೇರಿಯ ಹುಡುಗನನ್ನೋ? ಲಯದಲ್ಲಿ ಪಾಪವಿಲ್ಲದೆ ಇರಬಹುದು. ಲಯವನ್ನು ನೆಪಮಾಡಿ ಮನುಷ್ಯನನ್ನು ತುಚ್ಛವಾಗಿ ಕಾಣುವುದರಲ್ಲಿ ನಿಶ್ಚಯವಾಗಿ ಪಾಪವಿದೆ, ಅದಕ್ಕಾಗಿ ನಾವು ಪಶ್ಚಾತ್ತಾಪಪಡಬೇಕು.

ಇನ್ನು ನಿಮಗೆ, ನನ್ನ ಪ್ರಿಯ ಯೌವನಸ್ಥರೇ. ಹಾಡಿನ ಮಾತನ್ನು ಯಾರು ಗಮನಿಸುತ್ತಾರೆ ಎನ್ನುತ್ತೀರಿ. ನೀವು ಗಮನಿಸದಿದ್ದರೂ ಅದು ನಿಮ್ಮನ್ನು ಗಮನಿಸುತ್ತದೆ. ದೇವರ ವಾಕ್ಯವನ್ನು ನಾಲ್ಕು ಸಲ ಓದಿದರೂ ನೆನಪಿನಲ್ಲಿ ನಿಲ್ಲದೆಂದು ದೂರುವ ಮನಸ್ಸು, ಬಸ್ಸಿನಲ್ಲಿ ಕೇಳಿದ ಹಾಡನ್ನು ಅಕ್ಷರ ತಪ್ಪದೆ ಒಪ್ಪಿಸುತ್ತದೆ. ಒಲ್ಲೆನೆಂದ ಹುಡುಗಿಯನ್ನು ಬೆನ್ನಟ್ಟುವುದೇ ಗಂಡಸುತನವೆಂದು ಹಾಡುವ ಹಾಡಿದೆ. ಕುಡಿತವೇ ನೋವಿಗೆ ಮದ್ದೆಂದು ನಗುನಗುತ್ತಾ ಹಾಡುವ ಹಾಡಿದೆ. ಮಚ್ಚು ಹಿಡಿದವನನ್ನು, ಜಾತಿಯ ಮೀಸೆ ತಿರುವಿದವನನ್ನು ದೇವರ ಎತ್ತರಕ್ಕೆ ಏರಿಸುವ ಹಾಡಿದೆ. ಇವುಗಳಲ್ಲಿ ಕೆಲವು ಅತ್ಯಾಧುನಿಕ ತಾಳದಲ್ಲಿವೆ, ಕೆಲವು ಕಿವಿಗೆ ಇಂಪಾದ ಹಳೆಯ ಮಾಧುರ್ಯದಲ್ಲಿವೆ. ಹಳೆಯದೆಂಬ ಕಾರಣಕ್ಕೆ ತಂದೆ ಗುನುಗಬಹುದು, ಹೊಸದೆಂಬ ಕಾರಣಕ್ಕೆ ಮಗ ಗುನುಗಬಾರದು ಎಂಬ ನ್ಯಾಯ ದೇವರಲ್ಲಿಲ್ಲ. ಎಲ್ಲಕ್ಕೂ ತನಗೆ ಸ್ವಾತಂತ್ರ್ಯವಿದ್ದರೂ ಯಾವುದರ ಅಧೀನಕ್ಕೂ ಒಳಗಾಗುವುದಿಲ್ಲವೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದನು. ಆ ಅಳತೆಗೋಲನ್ನು ಕೈಗೆ ತೆಗೆದುಕೊಳ್ಳಿರಿ. ಈ ಹಾಡು ಮುಗಿದ ಮೇಲೆ ನಾನು ನನ್ನ ತಂಗಿಯನ್ನು, ನನ್ನ ತರಗತಿಯ ಹುಡುಗಿಯನ್ನು ಯಾವ ಕಣ್ಣಿನಿಂದ ನೋಡುತ್ತೇನೆ? ನನ್ನ ಕೋಪ ಇಳಿಯಿತೋ, ಏರಿತೋ? ಇದಿಲ್ಲದೆ ಒಂದು ದಿನ ಇರಬಲ್ಲೆನೋ? ಪ್ರಾರ್ಥನೆಗೆ ಕೂತಾಗ ನನ್ನೊಳಗೆ ಯಾರ ದನಿ ಮೊಳಗುತ್ತದೆ? ಅದೇ ಅಳತೆಯಿಂದ ಅಳೆದಾಗ, ಕ್ರಿಸ್ತನ ಹೆಸರೇ ಇಲ್ಲದ ಎಷ್ಟೋ ಹಾಡುಗಳು, ಬಡವನ ದುಃಖವನ್ನು ಹೇಳುವ ಹಾಡು, ತಾಯಿಯ ಪ್ರೀತಿಯನ್ನು ಹೇಳುವ ಹಾಡು, ಮಳೆಯನ್ನು ಕಂಡು ಹಿಗ್ಗುವ ಹಾಡು, ತಲೆ ಎತ್ತಿ ನಿಲ್ಲುತ್ತವೆ. ಅವನ್ನು ಸ್ತೋತ್ರದಿಂದ ಕೇಳಿರಿ. ಸತ್ಯವಾದದ್ದು, ಮಾನ್ಯವಾದದ್ದು, ಮನೋಹರವಾದದ್ದು ಎಲ್ಲಿದ್ದರೂ ನಮ್ಮ ತಂದೆಯದೇ.

ಸಭೆಯ ಹಾಡು ಎಂಬ ಒಂದೇ ಕಾರಣಕ್ಕೆ ಅದು ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ನ್ಯಾಯವನ್ನು ತುಳಿದು ಹಾಡಿದವರ ಗದ್ದಲವನ್ನು ತನ್ನಿಂದ ತೊಲಗಿಸಿರೆಂದು ದೇವರು ಆಮೋಸನ ಬಾಯಿಂದ ಹೇಳಿಸಿದ್ದು ಅನ್ಯಜನರ ಹಾಡಿನ ವಿಷಯವಲ್ಲ, ಆರಾಧನೆಯ ಹಾಡಿನ ವಿಷಯ. ಬಣ್ಣದ ದೀಪಗಳ ಕೆಳಗೆ, ಡ್ರಮ್ಮಿನ ಅಬ್ಬರಕ್ಕೆ ಕೈಯೆತ್ತಿ ಕಣ್ಣೀರಿಟ್ಟವನು ಸೋಮವಾರ ಕೂಲಿಯವನ ಸಂಬಳ ಹಿಡಿದುಕೊಂಡರೆ ಅವನು ಆರಾಧಿಸಿದ್ದು ತನ್ನ ರೋಮಾಂಚನವನ್ನು. ಆರ್ಗನ್ನಿಗೆ ಹಳೆಯ ಸಂಗೀತ ಪುಸ್ತಕ ಹಿಡಿದು ನೆಟ್ಟಗೆ ನಿಂತು ಹಾಡಿ, ಸೊಸೆಯೊಡನೆ ಆರು ತಿಂಗಳಿಂದ ಮಾತುಬಿಟ್ಟವಳಿಗೂ ಇದೇ ಮಾತು.

ಆದರೆ ಬರೀ ಅಳಿಸಿಹಾಕುವುದರಿಂದ ಹೃದಯ ಶುದ್ಧವಾಗದು. ದೆವ್ವ ಬಿಟ್ಟುಹೋದ ಮನೆಯನ್ನು ಗುಡಿಸಿ ಅಲಂಕರಿಸಿ ಬರಿದಾಗಿ ಬಿಟ್ಟರೆ ಏಳು ದೆವ್ವಗಳು ಬಂದು ಸೇರುತ್ತವೆಂದು ಕರ್ತನೇ ಎಚ್ಚರಿಸಿದ್ದಾನೆ. ತಂದೆ ಸಿಟ್ಟಿನಿಂದ ಫೋನು ಕಿತ್ತುಕೊಂಡ ಮನೆ ಅಂಥ ಬರಿದಾದ ಮನೆ. ಕೃಪೆ ಹೊಸ ಹಸಿವನ್ನು ಹುಟ್ಟಿಸುತ್ತದೆ, ಹಸಿವು ಬದಲಾದಾಗ ಎಂಜಲು ತಾನಾಗಿ ಬಿಟ್ಟುಹೋಗುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲನಿಗೂ ಸೀಲನಿಗೂ ಬೆನ್ನು ಹರಿದಿತ್ತು, ಕಾಲು ಕೋಳದಲ್ಲಿತ್ತು. ನಡುರಾತ್ರಿ ಅವರ ಬಾಯಿಂದ ಸ್ತೋತ್ರ ಹೊರಟಿತು, ಏಕೆಂದರೆ ಹಗಲಿನಲ್ಲಿ ಅವರೊಳಗೆ ತುಂಬಿದ್ದು ಅದೇ. ಸೆರೆಯಲ್ಲಿದ್ದ ಉಳಿದವರು ಕಿವಿಗೊಟ್ಟು ಕೇಳುತ್ತಿದ್ದರೆಂದು ಲೂಕನು ಬರೆದಿದ್ದಾನೆ. ನಿಮ್ಮ ನಡುರಾತ್ರಿಯೂ ಬರುತ್ತದೆ, ನನ್ನದೂ ಬರುತ್ತದೆ. ಅದಕ್ಕೆ ಬೇಕಾದ ಹಾಡನ್ನು ಈ ಹಗಲಿನಲ್ಲೇ ಕೂಡಿಡಬೇಕು.

ಆದುದರಿಂದ ಪ್ರಿಯರೇ, ಈ ವಾರ ಹೀಗೆ ಮಾಡಿರಿ. ಯೌವನಸ್ಥರೇ, ನೀವು ಹೆಚ್ಚು ಕೇಳುವ ಹಾಡನ್ನು ಒಂದು ರಾತ್ರಿ ಮೊಣಕಾಲೂರಿ, ಕರ್ತನು ಪಕ್ಕದಲ್ಲಿದ್ದಾನೆಂದು ತಿಳಿದು, ಮೊದಲಿನಿಂದ ಕೊನೆಯವರೆಗೆ ಆತನೊಂದಿಗೆ ಕೇಳಿರಿ. ನಡುವೆ ನಾಚಿಕೆ ಬಂದರೆ ಆ ನಾಚಿಕೆ ಪವಿತ್ರಾತ್ಮನದು, ಅದಕ್ಕೆ ವಿಧೇಯರಾಗಿ ಆ ಹಾಡನ್ನು ಅಂದೇ ಬಿಟ್ಟುಬಿಡಿರಿ. ಸಂತೋಷ ಬಂದರೆ ಸಂತೋಷಪಡಿರಿ. ತಂದೆ ತಾಯಂದಿರೇ, ಬೈಯುವ ಮುನ್ನ ಮಗನ ಪಕ್ಕದಲ್ಲಿ ಕೂತು, ಒಂದು ಕಿವಿಗೆ ಅವನ ಇಯರ್‌ಫೋನ್ ಇಟ್ಟುಕೊಂಡು ಒಂದು ಹಾಡನ್ನಾದರೂ ಪೂರ್ತಿ ಕೇಳಿರಿ, ಇದರಲ್ಲಿ ನಿನಗೆ ಏನು ಹಿಡಿಸಿತು ಮಗನೇ ಎಂದು ಕೇಳಿರಿ, ಅವನು ಹೇಳುವವರೆಗೆ ಕಾಯಿರಿ. ಆಮೇಲೆ ನಿಮ್ಮ ಕಷ್ಟಕಾಲದಲ್ಲಿ ನಿಮ್ಮನ್ನು ಎತ್ತಿ ನಿಲ್ಲಿಸಿದ ಒಂದು ಕೀರ್ತನೆಯನ್ನು, ಅದು ಯಾವ ದಿನ ಹೇಗೆ ನಿಮ್ಮ ಬಾಯಿಗೆ ಬಂತೆಂಬುದನ್ನು ಅವನಿಗೆ ಹೇಳಿ, ಅವನಿಗೆ ಹಾಡಿ ಕೇಳಿಸಿರಿ. ಬರುವ ಭಾನುವಾರ ತಮಟೆ ಬಲ್ಲವರು ತಮಟೆ ತನ್ನಿರಿ, ಗಿಟಾರ್ ಬಲ್ಲವರು ಗಿಟಾರ್ ತನ್ನಿರಿ, ಏನೂ ಬಾರದವರು ಬಾಯಿ ತೆರೆದುಕೊಂಡು ಬನ್ನಿರಿ. ಯಾರೊಂದಿಗೆ ಮಾತುಬಿಟ್ಟಿದ್ದೀರೋ ಅವರ ಪಕ್ಕದಲ್ಲೇ ನಿಂತು ಹಾಡೋಣ.