ಕೃಪೆಗೆ ವ್ಯಾಜ

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಹಣ್ಣುಕಾಯಿಯ ತಟ್ಟೆಯನ್ನು ಒಪ್ಪಿಸಿ ಅರ್ಚನೆ ಮಾಡಿಸುವ ಭಕ್ತನನ್ನು ಅರ್ಚಕರು ಮೊದಲು ಕೇಳುವುದು ಗೋತ್ರ, ನಕ್ಷತ್ರ, ರಾಶಿ, ನಾಮಧೇಯಗಳನ್ನು. ಗೋತ್ರ ತಿಳಿಯದೆಂದವನಿಗೆ ಶಿವಗೋತ್ರವೆಂದೇ ಸೇರಿಸಿ ಸಂಕಲ್ಪವನ್ನು ಮುಂದುವರಿಸುವುದುಂಟು. ಸರ್ವಜ್ಞನಾದವನಿಗೆ ಈ ಪರಿಚಯವೇತಕ್ಕೆ, ಕೊಡಲು ಸಿದ್ಧನಾಗಿರುವವನಲ್ಲಿ ಬೇಡುವುದಾದರೂ ಏತಕ್ಕೆ ಎಂಬ ಶಂಕೆ ಬಹು ಪುರಾತನವಾದುದು. ಲಿನಕ್ಸ್ ಕರ್ನೆಲ್ಲಿಗೆ 2007ರ ಸುಮಾರಿನಲ್ಲಿ ಸೇರಿದ ಒಂದು ಪುಟ್ಟ ಯುಎಸ್‌ಬಿ ಡ್ರೈವರು ಆ ಶಂಕೆಯನ್ನು ನನ್ನ ಮುಂದೆ ಮತ್ತೆ ತಂದಿರಿಸಿತು.

ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ರಚಿಸಿದ ಆ ಡ್ರೈವರಿನ ಪ್ರಯೋಜನ ಒಂದೇ: ಬ್ಲ್ಯಾಕ್‌ಬೆರಿ ಫೋನನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದಾಗ ಅದು ಚಾರ್ಜ್ ಆಗುವಂತೆ ಮಾಡುವುದು. ಆ ಕಾಲದ ಯುಎಸ್‌ಬಿ ನಿಯಮದಂತೆ, 5 ವೋಲ್ಟಿನ ಪೋರ್ಟನ್ನು ಆಶ್ರಯಿಸಿದ ಯಾವ ಅಪರಿಚಿತ ಸಾಧನವಾದರೂ ಏನನ್ನೂ ಹೇಳದೆಯೇ 100 ಮಿಲಿಆಂಪಿಯರಿನವರೆಗೆ ಸೆಳೆದುಕೊಳ್ಳಬಹುದಿತ್ತು. ಆಮೇಲೆ ತಯಾರಕರ ಸಂಖ್ಯೆ, ತನ್ನ ಸಂಖ್ಯೆ, ತನಗೆ ಬೇಕಾದ ವಿದ್ಯುತ್ತಿನ ಪ್ರಮಾಣ ಇವುಗಳನ್ನು ನಿವೇದಿಸಿ, ಕಂಪ್ಯೂಟರು ಅಂಗೀಕರಿಸಿದ ತರುವಾಯ, 500ರವರೆಗೆ ಪಡೆಯಬಹುದಿತ್ತು. ಬ್ಲ್ಯಾಕ್‌ಬೆರಿಯಾದರೋ ಅಲ್ಪವನ್ನೇ ಬೇಡಿ ಸುಮ್ಮನಿದ್ದುಬಿಡುತ್ತಿತ್ತು. ಡ್ರೈವರು ಅದಕ್ಕೆ ಎರಡು ಕಿರಿಯ ಗೂಢಾಜ್ಞೆಗಳನ್ನು ಕಳುಹಿಸಿ ಅದರ ವಿನ್ಯಾಸವನ್ನು ಗೊತ್ತುಪಡಿಸಿದೊಡನೆ, ಫೋನು ತನ್ನನ್ನು ತಾನೇ ರೀಸೆಟ್ ಮಾಡಿಕೊಂಡು, ಈಗತಾನೆ ಬಂದದ್ದೆಂಬಂತೆ ಮತ್ತೊಮ್ಮೆ ಪರಿಚಯ ಹೇಳಿಕೊಂಡು, ಈ ಸಲ ತನಗೆ ನಿಜವಾಗಿ ಬೇಕಾದಷ್ಟನ್ನು ಕೇಳುತ್ತಿತ್ತು. ಇಷ್ಟರಲ್ಲಿ ಡ್ರೈವರು ತನ್ನದೆಂದು ಕೊಟ್ಟ ವಿದ್ಯುತ್ತು ಲವಲೇಶವೂ ಇಲ್ಲವೆಂಬುದನ್ನು ಗಮನಿಸಬೇಕು.

ಆ ಶಂಕೆಗೆ ಉತ್ತರ ಹುಡುಕುತ್ತ ಹೊಳೆಯ ದಾರಿಯನ್ನೇ ಹಿಡಿಯೋಣ: ನಂಜನಗೂಡನ್ನು ಬಳಸಿ ಹರಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಸಂಗಮವನ್ನು ಬಿಟ್ಟ ಹೊಳೆ ತಲಕಾಡನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕಿ 1902ರಿಂದ ವಿದ್ಯುತ್ತನ್ನು ಕೊಡುತ್ತಿದೆ. ಅದರ ಸಮೀಪದ ಸತ್ಯಾಗಾಲದಲ್ಲಿಯೇ, ಶ್ರೀರಂಗ ದಾಳಿಗೊಳಗಾದ ಕಾಲದಲ್ಲಿ, ಶ್ರೀವೈಷ್ಣವ ಆಚಾರ್ಯರಾದ ವೇದಾಂತದೇಶಿಕರು ನೆಲೆಸಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಈ ಶಂಕೆಯನ್ನೇ ಕುರಿತ ಶ್ರೀವೈಷ್ಣವರ ಎರಡು ಪಂಗಡಗಳ ವಿವಾದ ಪ್ರಸಿದ್ಧವಾದುದು: ತೆಂಗಲೆಯವರು ತಾಯಿಬೆಕ್ಕು ಕಚ್ಚಿ ಒಯ್ಯುವ ಮರಿಯನ್ನು ತೋರಿಸಿ ಕೃಪೆ ನಿರ್ಹೇತುಕವೆಂದರು, ವಡಗಲೆಯವರು ತಾಯಿಯನ್ನು ಅವಚಿಕೊಂಡ ಕೋತಿಮರಿಯನ್ನು ತೋರಿಸಿ ಜೀವನ ಕಡೆಯಿಂದಲೂ ಏನಾದರೊಂದು ಬೇಕೆಂದರು. ಆ ಏನಾದರೊಂದನ್ನು ದೇಶಿಕರು ವ್ಯಾಜವೆಂದು ಕರೆದದ್ದು ನನಗೆ ಬಹಳ ಹಿಡಿಸಿದ ಮಾತು. ಶರಣಾಗತಿಯು ಕೃಪೆಗೆ ತೆತ್ತ ಬೆಲೆಯಲ್ಲ, ಅದಕ್ಕೆ ಕಾರಣವೂ ಅಲ್ಲ, ಸಂದರ್ಭಮಾತ್ರ. ಹಾಗೆಯೇ ಡ್ರೈವರಿನ ಎರಡು ಆಜ್ಞೆಗಳಿಂದ ವಿದ್ಯುತ್ತು ಹುಟ್ಟಲಿಲ್ಲ. ಅವುಗಳಿಲ್ಲದೆ ಅದು ಬೇಕಾದಷ್ಟು ಹರಿಯಲೂ ಇಲ್ಲ.

ಆದರೆ ತೆಂಗಲೆಯವರ ಪಕ್ಷವನ್ನು ಇಷ್ಟಕ್ಕೇ ಕೈಬಿಡಲು ನನ್ನ ಮನಸ್ಸು ಒಪ್ಪದು. ಬ್ಯಾಟರಿ ಪೂರ್ತಿ ಬರಿದಾದ ಫೋನಿಗೆ ತನ್ನ ಹೆಸರನ್ನು ಹೇಳುವ ತ್ರಾಣವಾದರೂ ಎಲ್ಲಿಂದ ಬರಬೇಕು? ಕೇಳದೆಯೇ ಬಂದ ಆ 100ರಿಂದಲೇ. ಬೇಡುವುದಕ್ಕೆ ಮುಂಚೆಯೇ ಬೇಡುವ ಶಕ್ತಿಯನ್ನು ಕೊಟ್ಟಿರುವವನ ಎದುರಿನಲ್ಲಿ, ಪ್ರಾರ್ಥನೆಯನ್ನು ತನ್ನ ಪುಣ್ಯವೆಂದು ಯಾವ ಜೀವನು ಲೆಕ್ಕಕ್ಕೆ ಬರೆದುಕೊಂಡಾನು?

ಪೋರ್ಟಿಗೆ ವಾತ್ಸಲ್ಯವಿಲ್ಲ, ದೇವರಿಗುಂಟು. ಆದ್ದರಿಂದ ಈ ಸಾಮ್ಯವನ್ನು ಬಹು ದೂರ ಎಳೆಯಲಾಗದು. ಆದರೂ ಒಂದು ವಿಷಯದಲ್ಲಿ ಅದು ನನಗೆ ಹೊಸ ಬೆಳಕನ್ನು ಕೊಟ್ಟಿದೆ. ಪುರುಷಕಾರಳಾದ, ಎಂದರೆ ಜೀವನಿಗಾಗಿ ಈಶ್ವರನಲ್ಲಿ ಮಧ್ಯಸ್ಥಿಕೆ ವಹಿಸುವ, ಲಕ್ಷ್ಮಿಯು ಈಶ್ವರನನ್ನೂ ಜೀವನನ್ನೂ ಇಬ್ಬರನ್ನೂ ತಿದ್ದುತ್ತಾಳೆಂಬುದು ತೆಂಗಲೆಯ ಆಚಾರ್ಯರಾದ ಪಿಳ್ಳೈ ಲೋಕಾಚಾರ್ಯರ ಮತ. ನಾವು ಪುರೋಹಿತರನ್ನೂ ಗುರುಗಳನ್ನೂ ಆಶ್ರಯಿಸುವಾಗ ಅವರು ನಮ್ಮ ಪರವಾಗಿ ದೇವರ ಮನಸ್ಸನ್ನು ಕರಗಿಸುವರೆಂದೇ ಭಾವಿಸುತ್ತೇವೆ, ಮತದ ಉತ್ತರಾರ್ಧವನ್ನು ಮರೆಯುತ್ತೇವೆ. ಇಲ್ಲಿ ಪೋರ್ಟು ಎಂದೂ ನಿರಾಕರಿಸಿರಲಿಲ್ಲ. ಸಂಕೋಚವೆಲ್ಲವೂ ಫೋನಿನದಾಗಿತ್ತು, ಡ್ರೈವರಿನ ಎರಡು ಆಜ್ಞೆಗಳೂ ಹೋದದ್ದು ಫೋನಿಗೇ.