ದುಡಿಮೆಯ ಅಂಗಳದಲ್ಲಿ ಮಗುವಿನ ಸ್ಥಾನ

'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಗುನಗುತ್ತಲೇ ಹೇಳುತ್ತೇವೆ. ಆದರೆ ಆ ನಗುವಿನ ಹಿಂದೆ ಗಂಭೀರವಾದ ಸತ್ಯವೊಂದು ಅಡಗಿದೆ. ತಮ್ಮ ಮಗು ತಮಗೆ ಎಷ್ಟು ಪ್ರಿಯವೋ ನೆರೆಯವರಿಗೂ ಅಷ್ಟೇ ಪ್ರಿಯವೆಂದು ಹೆತ್ತವರು ತಮಗರಿವಿಲ್ಲದೆಯೇ ಭಾವಿಸಿಬಿಡುತ್ತಾರೆ. ಮನೆಯ ಹೊಸ್ತಿಲಿನ ಒಳಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಮಗುವಿನ ಕೈ ಹಿಡಿದು ದುಡಿಮೆಯ ಸ್ಥಳಕ್ಕೆ ಕಾಲಿಟ್ಟಾಗ ಮಾತ್ರ ಪ್ರಶ್ನೆ ಏಳುತ್ತದೆ. ಹೆತ್ತವರ ಪ್ರೀತಿಯ ಹಕ್ಕು ಎಲ್ಲಿ ಮುಗಿಯುತ್ತದೆ? ಜೊತೆಯಲ್ಲಿ ದುಡಿಯುವವರ ಹಕ್ಕು ಎಲ್ಲಿಂದ ಆರಂಭವಾಗುತ್ತದೆ? ವೃತ್ತಿಪರ ಕ್ರೀಡಾಪಟುಗಳ ಬದುಕಿನಲ್ಲಿ ಈ ಪ್ರಶ್ನೆ ಹಲವು ಬಾರಿ ಬಹಿರಂಗವಾಗಿಯೇ ಎದ್ದಿದೆ. ಅವುಗಳಲ್ಲಿ ಒಂದು ಪ್ರಸಂಗ ವಿಶೇಷವಾಗಿ ವಿಚಾರಾರ್ಹವಾದುದು.

2016ರ ಮಾರ್ಚ್ ತಿಂಗಳಲ್ಲಿ ಆಡಮ್ ಲರೋಶ್ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರರು ಹಠಾತ್ತನೆ ಆಟಕ್ಕೆ ವಿದಾಯ ಹೇಳಿದರು. ಶಿಕಾಗೊ ವೈಟ್ ಸಾಕ್ಸ್ ತಂಡದಿಂದ ಆ ವರ್ಷ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆ 1 ಕೋಟಿ 30 ಲಕ್ಷ ಡಾಲರ್, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 87 ಕೋಟಿ ರೂಪಾಯಿ. ಅಷ್ಟನ್ನೂ ಅವರು ಬಿಟ್ಟು ನಡೆದರು. ಕಾರಣ, 14 ವರ್ಷದ ಮಗ. ಆ ಹುಡುಗ ಪ್ರತಿದಿನವೆಂಬಂತೆ ತಂದೆಯೊಡನೆ ತಂಡದ ಡ್ರೆಸ್ಸಿಂಗ್ ರೂಮಿಗೆ ಬರುತ್ತಿದ್ದನು. ಅವನಿಗೂ ಒಂದು ಸಮವಸ್ತ್ರವಿತ್ತು, ಬಟ್ಟೆಬರೆ ಇಡಲು ಒಂದು ಕಪಾಟಿತ್ತು. ತಂಡದ ಆಡಳಿತದ ಹಿರಿಯ ಅಧಿಕಾರಿಯಾಗಿದ್ದ ಕೆನ್ ವಿಲಿಯಮ್ಸ್ ಅವರು ಹುಡುಗನ ಬರವನ್ನು ಕಡಿಮೆ ಮಾಡಬೇಕೆಂದು ಕೇಳಿಕೊಂಡರು. ತಂದೆ ಒಪ್ಪಲಿಲ್ಲ. ತಂಡದ ಪ್ರಮುಖ ಬೌಲರ್ ಕ್ರಿಸ್ ಸೇಲ್ ಅವರು ಆಡಳಿತದ ವಿರುದ್ಧ ಬಹಿರಂಗವಾಗಿಯೇ ಮಾತನಾಡಿದರು. ಕೆಲವು ದಿನಗಳ ಕಾಲ ಆ ದೇಶದಲ್ಲಿ ಇದೇ ಚರ್ಚೆಯ ವಿಷಯವಾಯಿತು.

ಮೊದಲು ತಂದೆಯ ಪಕ್ಷದ ನ್ಯಾಯವನ್ನು ಆಲಿಸೋಣ. ಅಮೆರಿಕದ ಬೇಸ್‌ಬಾಲ್ ತಂಡವೊಂದು ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ ಅರ್ಧದಷ್ಟು ಪರವೂರಿನಲ್ಲಿ. ಫೆಬ್ರವರಿಯ ತರಬೇತಿ ಶಿಬಿರದಿಂದ ಸೆಪ್ಟೆಂಬರ್ ಕಳೆಯುವವರೆಗೆ ಆಟಗಾರನಿಗೆ ಮನೆಯೆಂಬುದು ಹೆಸರಿಗೆ ಮಾತ್ರ. ಗಳಿಸಿದ ಹಣವನ್ನು ಮುಂದೆಯೂ ಗಳಿಸಬಹುದು. ಮಗನ ಹದಿನಾಲ್ಕನೆಯ ವರ್ಷ ಮರಳಿ ಬಾರದು. ಲರೋಶ್ ಅವರ ತಂದೆ ಡೇವ್ ಲರೋಶ್ ಕೂಡ ವೃತ್ತಿಪರ ಬೇಸ್‌ಬಾಲ್ ಆಟಗಾರರಾಗಿದ್ದವರು. ಕಮ್ಮಾರನ ಮಗ ಕುಲುಮೆಯ ಬಳಿ ಬೆಳೆದಂತೆ ಆಡಮ್ ಆಟದ ಅಂಗಳದ ಬಳಿ ಬೆಳೆದರು. ತಾನು ತಂದೆಯಿಂದ ಪಡೆದುದನ್ನು ಮಗನಿಗೂ ಕೊಡಬೇಕೆಂಬ ಹಂಬಲದಲ್ಲಿ ತಪ್ಪೇನಿದೆ?

ಇದಕ್ಕಿಂತಲೂ ಬಲವಾದ ಇನ್ನೊಂದು ವಾದ ಅವರ ಪಕ್ಷದಲ್ಲಿತ್ತು. ತಂಡವನ್ನು ಸೇರುವ ಮುನ್ನ ಮಗನ ವಿಷಯವನ್ನೇ ಮೊದಲು ಪ್ರಸ್ತಾಪಿಸಿ ಒಪ್ಪಿಗೆ ಪಡೆದಿದ್ದಾಗಿ ಅವರು ತಿಳಿಸಿದರು. ಕೊಟ್ಟ ಮಾತನ್ನು ಮುರಿಯುವುದು ಸಣ್ಣ ದೋಷವಲ್ಲ. ಮಾತು ಕಾಗದದ ಮೇಲೆ ಇಲ್ಲದಿದ್ದ ಮಾತ್ರಕ್ಕೆ ಅದರ ಭಾರ ಕಡಿಮೆಯಾಗುವುದಿಲ್ಲ.

ಇನ್ನು ಆಡಳಿತದ ಪಕ್ಷ. ವಿಲಿಯಮ್ಸ್ ಅವರು ಹುಡುಗನನ್ನು ದೂಷಿಸಲಿಲ್ಲ. ಅವನು ಒಳ್ಳೆಯ ಹುಡುಗನೆಂದೇ ಹೇಳಿದರು. ದಿನನಿತ್ಯವೂ ಮಗುವನ್ನು ಕೆಲಸಕ್ಕೆ ಕರೆತರಲು ಯಾವ ಉದ್ಯೋಗದಲ್ಲಿ ಅವಕಾಶವಿದೆ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಕೆಲವರು ಆಡಳಿತದ ಬಳಿ ಖಾಸಗಿಯಾಗಿ ಅಸಮಾಧಾನವನ್ನು ತೋಡಿಕೊಂಡಿದ್ದರೆಂದು ಅನಂತರ ಪತ್ರಿಕೆಗಳು ವರದಿ ಮಾಡಿದವು. ಬಹಿರಂಗವಾಗಿ ತಂದೆಯ ಪರ ನಿಂತವರ ಹೆಸರುಗಳು ಎಲ್ಲರಿಗೂ ತಿಳಿದವು. ಬೇಡವೆಂದವರ ಹೆಸರುಗಳು ಹೊರಬರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ.

ಮಗುವಿನ ವಿರುದ್ಧ ಬಾಯಿಬಿಟ್ಟು ಮಾತನಾಡಲು ಯಾರಿಗೆ ಸಾಧ್ಯ? ಸಹೋದ್ಯೋಗಿಯ ಧೂಮಪಾನವನ್ನು ಆಕ್ಷೇಪಿಸಬಹುದು, ಅವನ ಗದ್ದಲವನ್ನು ಆಕ್ಷೇಪಿಸಬಹುದು. 'ನಿನ್ನ ಮಗ ಇಲ್ಲಿರುವುದು ನನಗೆ ಹಿಡಿಸುತ್ತಿಲ್ಲ' ಎಂದು ಹೇಳಿದವನು ಆ ಕ್ಷಣವೇ ಕಲ್ಲೆದೆಯವನೆನಿಸಿಕೊಳ್ಳುತ್ತಾನೆ. ಅದರಲ್ಲಿಯೂ ತಂದೆ ತಂಡದ ಹಿರಿಯ ಆಟಗಾರ. ಆಕ್ಷೇಪಿಸಬೇಕಾದವನು ನಿನ್ನೆ ಮೊನ್ನೆ ತಂಡಕ್ಕೆ ಬಂದ ಕಿರಿಯ. ಸೋತ ದಿನ ಕೋಪದ ನಾಲ್ಕು ಮಾತನಾಡಿ ಮನಸ್ಸು ಹಗುರಮಾಡಿಕೊಳ್ಳಲು ಅವನಿಗಿರುವುದು ಅದೊಂದೇ ಕೋಣೆ. ಅಲ್ಲಿಯೂ ಒಬ್ಬ ಬಾಲಕ ಕುಳಿತಿದ್ದಾನೆಂದು ಅವನು ನಾಲಿಗೆ ಕಚ್ಚಿಕೊಳ್ಳಬೇಕು. ಅಂಥವನ ಮೌನವನ್ನು ಸಮ್ಮತಿಯೆಂದು ಎಣಿಸುವುದು ನ್ಯಾಯವಲ್ಲ. ಬೇರೆಯವರಿಗೆ ಹೇಳಲಾಗದ 'ಬೇಡ'ವನ್ನು ಅವರ ಪರವಾಗಿ ಹೆತ್ತವರೇ ಹೇಳಿಕೊಳ್ಳಬೇಕಾಗುತ್ತದೆ. ಆಡಳಿತದ ಅಪ್ಪಣೆ ದೊರೆತರೆ ಸಾಲದು; ಜೊತೆಗಾರರ ಮುಖವನ್ನು ನೋಡಿ ತಿಳಿದುಕೊಳ್ಳುವ ಹೊಣೆಯೂ ಉಳಿಯುತ್ತದೆ.

ದುಡಿಮೆಯ ಅಂಗಳ ಮಗುವಿಗಾಗಿ ನಿರ್ಮಿತವಾದುದಲ್ಲ ಎಂಬುದನ್ನು ಇನ್ನೊಂದು ಘಟನೆ ಕಣ್ಣಿಗೆ ಕಟ್ಟುವಂತೆ ತೋರಿಸಿತು. 2002ರ ಅಕ್ಟೋಬರ್‌ನಲ್ಲಿ ಬೇಸ್‌ಬಾಲ್‌ನ ಅಂತಿಮ ಸರಣಿಯ ಐದನೆಯ ಪಂದ್ಯ ನಡೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ವ್ಯವಸ್ಥಾಪಕ ಡಸ್ಟಿ ಬೇಕರ್ ಅವರ 3 ವರ್ಷದ ಮಗ ಡ್ಯಾರೆನ್, ಆಟಗಾರರ ಬ್ಯಾಟುಗಳನ್ನು ಎತ್ತಿತರುವ ಹುಡುಗರ ಜೊತೆಗಿದ್ದನು. ಚೆಂಡು ಇನ್ನೂ ಆಟದಲ್ಲಿರುವಾಗಲೇ ಅವನು ಬ್ಯಾಟನ್ನು ಎತ್ತಿಕೊಳ್ಳಲು ಅಂಕಣಕ್ಕೆ ಓಡಿದನು. ಅತ್ತ ಆಟಗಾರರು ಪೂರ್ಣ ವೇಗದಲ್ಲಿ ಓಡಿಬರುತ್ತಿದ್ದರು. ಆಗ ತಾನೇ ಓಟ ಮುಗಿಸಿದ ಜೆ. ಟಿ. ಸ್ನೋ ಅವರು ಮಗುವಿನ ಅಂಗಿಯನ್ನು ಹಿಡಿದು ಎತ್ತಿಕೊಂಡದ್ದರಿಂದ ಅನಾಹುತ ತಪ್ಪಿತು. ಇದಾದ ಮೇಲೆ ಆ ಕೆಲಸಕ್ಕೆ ಕನಿಷ್ಠ 14 ವರ್ಷ ವಯಸ್ಸನ್ನು ನಿಗದಿಪಡಿಸಲಾಯಿತು. ಅದೇ ಡ್ಯಾರೆನ್ ಬೇಕರ್ ಬೆಳೆದು ದೊಡ್ಡವನಾಗಿ 2024ರ ಸೆಪ್ಟೆಂಬರ್ 1ರಂದು ವಾಷಿಂಗ್ಟನ್ ತಂಡದ ಆಟಗಾರನಾಗಿ ಅಂಕಣಕ್ಕಿಳಿದರು. ತಂದೆಯ ಅಂಗಳ ಮಗನಲ್ಲಿ ಪ್ರೀತಿಯನ್ನು ಬಿತ್ತಿದ್ದು ನಿಜ. ಆ ಪ್ರೀತಿ ಬೆಳೆಯುವ ಮೊದಲೇ ದುರಂತವಾಗಬಹುದಿತ್ತೆಂಬುದೂ ಅಷ್ಟೇ ನಿಜ.

ಹಾಗಾದರೆ ಕ್ರೀಡಾಪಟುಗಳು ಮಕ್ಕಳನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆನ್ನೋಣವೇ? ಅವಸರ ಬೇಡ. ಮಗು ಅಲ್ಲಿರುವುದು ಸಂತೋಷಕ್ಕೋ, ಅವಶ್ಯಕತೆಗೋ ಎಂಬುದನ್ನು ಮೊದಲು ವಿವೇಚಿಸಬೇಕು. ಹದಿನಾಲ್ಕರ ಹುಡುಗ ತಂದೆಯ ಬಳಿಯಿರುವುದು ಸಂತೋಷ. ಎದೆಹಾಲು ಕುಡಿಯುವ ಹಸುಗೂಸು ತಾಯಿಯ ಬಳಿಯಿರುವುದು ಅವಶ್ಯಕತೆ.

ಕೊರೋನಾ ಪಿಡುಗಿನ ದೆಸೆಯಿಂದ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಕುಟುಂಬದವರನ್ನು ಕರೆತರಲು ಅನುಮತಿಯಿರಲಿಲ್ಲ. ಕೆನಡಾದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕಿಮ್ ಗೋಶೆ ಆಗ ಹಾಲೂಡಿಸುವ ತಾಯಿ. ಕೂಸಿಗೆ ಹಾಲೂಡಿಸುವುದು, ಒಲಿಂಪಿಕ್ಸ್‌ನಲ್ಲಿ ಆಡುವುದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ತನ್ನನ್ನು ಒತ್ತಾಯಿಸಲಾಗುತ್ತಿದೆಯೆಂದು ಅವರು ಜಗತ್ತಿನ ಮುಂದೆ ದೂರಿಕೊಂಡರು. ಕೊನೆಗೆ ಸಂಘಟಕರು ನಿಯಮವನ್ನು ಸಡಿಲಿಸಿದರು. ಇಲ್ಲಿ 'ಮಗುವನ್ನು ತರಬೇಡಿ' ಎಂಬ ಮಾತಿನ ನಿಜವಾದ ಅರ್ಥ 'ತಾಯಂದಿರೇ, ನೀವು ಬರಬೇಡಿ' ಎಂದೇ ಆಗುತ್ತದೆ. ಅದೇ ವಯಸ್ಸಿನ ಮಗುವಿನ ತಂದೆಗೆ ಅಂತಹ ಆಯ್ಕೆ ಎದುರಾಗುವುದಿಲ್ಲ. ಆದುದರಿಂದ ಹಸುಗೂಸಿಗೆ ಸ್ಥಳ ಕೊಡುವುದು ತಾಯಿಗೆ ತೋರುವ ಔದಾರ್ಯವಲ್ಲ, ನ್ಯಾಯ.

ಈ ನ್ಯಾಯವನ್ನು ನಮ್ಮ ನೆರೆದೇಶವೊಂದು ಕಾಲಕ್ಕೆ ಸರಿಯಾಗಿ ಅರಿತುಕೊಂಡಿತ್ತು. 2021ರಲ್ಲಿ ಪಾಕಿಸ್ತಾನದ ಕ್ರಿಕೆಟ್ ಮಂಡಳಿಯು ಆಟಗಾರ್ತಿಯರಿಗೆ 12 ತಿಂಗಳ ವೇತನಸಹಿತ ಹೆರಿಗೆ ರಜೆಯನ್ನು ಘೋಷಿಸಿತು. ತಾಯಿಯಾದ ಆಟಗಾರ್ತಿಯ ಜೊತೆ ಮಗುವನ್ನು ನೋಡಿಕೊಳ್ಳಲು ಬರುವವರ ಪ್ರವಾಸ ವೆಚ್ಚದಲ್ಲಿ ಅರ್ಧವನ್ನು ತಾನು ಭರಿಸಲು ಮುಂದಾಯಿತು. ಮರುವರ್ಷ ನ್ಯೂಜಿಲೆಂಡಿನಲ್ಲಿ ನಡೆದ ಮಹಿಳಾ ವಿಶ್ವಕಪ್‌ಗೆ ಆಗಿನ ನಾಯಕಿ ಬಿಸ್ಮಾ ಮರೂಫ್ ಅವರು ಆರು ತಿಂಗಳ ಮಗಳನ್ನು, ಅವಳ ಆರೈಕೆಗೆ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. 2022ರ ಮಾರ್ಚ್ 6ರಂದು ಪಂದ್ಯ ಮುಗಿದ ಮೇಲೆ ಗೆದ್ದ ಭಾರತದ ಆಟಗಾರ್ತಿಯರು ಆ ಕೂಸಿನ ಸುತ್ತ ನೆರೆದು ಆಡಿಸಿದರು. ಆ ಚಿತ್ರವನ್ನು ಎರಡೂ ದೇಶದ ಜನರು ಮೆಚ್ಚಿ ನೋಡಿದರು. ಇಲ್ಲಿ ಗಮನಿಸಬೇಕಾದುದು ಅಜ್ಜಿಯ ಪಾತ್ರ. ಮಗುವಿನ ಹೊಣೆ ತಂಡದವರ ಮೇಲೆ ಬೀಳದಂತೆ ಏರ್ಪಾಡಾಗಿತ್ತು. ಹಾಗೆಂದೇ ತಂಡದವರ ಪ್ರೀತಿ ಬಲವಂತದ ಪ್ರೀತಿಯಾಗದೆ ಮನಃಪೂರ್ವಕವಾದ ಪ್ರೀತಿಯಾಗಿತ್ತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕ್ರೀಡಾಗ್ರಾಮದಲ್ಲಿ ಶಿಶುಪಾಲನಾ ಕೊಠಡಿಯೊಂದು ತೆರೆಯಿತು. 11 ಒಲಿಂಪಿಕ್ ಪದಕಗಳ ಒಡತಿ, ಅಮೆರಿಕದ ಓಟಗಾರ್ತಿ ಆಲಿಸನ್ ಫೆಲಿಕ್ಸ್ ಅವರು ಇದಕ್ಕಾಗಿ ಶ್ರಮಿಸಿದ್ದರು. ಆ ಕೊಠಡಿ ಕ್ರೀಡಾಪಟುಗಳು ಮಲಗುವ ಕಟ್ಟಡಗಳಲ್ಲಿರದೆ ಬೇರೆಡೆಯಲ್ಲಿತ್ತು. ತಾಯಿ ಮಗುವಿನೊಡನೆ ಹೊತ್ತು ಕಳೆಯಬಹುದು. ಮರುದಿನ ಓಡಬೇಕಾದವಳ ನಿದ್ರೆಯೂ ಕೆಡುವುದಿಲ್ಲ. ಎರಡು ಹಕ್ಕುಗಳು ಎದುರುಬದುರಾದಾಗ ಒಂದನ್ನು ಕೊಲ್ಲಬೇಕಾಗಿಲ್ಲ, ನಡುವೆ ಒಂದು ಗೋಡೆ ಕಟ್ಟಿದರೂ ಸಾಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂದಿತು. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಸರಣಿಯನ್ನು 1-3ರಿಂದ ಸೋತ ಬೆನ್ನಲ್ಲೇ, 2025ರ ಜನವರಿಯಲ್ಲಿ, ಭಾರತೀಯ ಕ್ರಿಕೆಟ್ ಮಂಡಳಿಯು ಆಟಗಾರರಿಗೆ ನಿಯಮಾವಳಿಯೊಂದನ್ನು ನೀಡಿತು. ಅದರ ಪ್ರಕಾರ 45 ದಿನಗಳಿಗೂ ಮೀರಿದ ಪ್ರವಾಸದಲ್ಲಿ ಮಡದಿ ಮಕ್ಕಳು ಹೆಚ್ಚೆಂದರೆ ಎರಡು ವಾರ ಜೊತೆಗಿರಬಹುದು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಮಾತನಾಡಿದ ವಿರಾಟ್ ಕೊಹ್ಲಿ ಅವರು, ಕಠಿಣವಾದ ದಿನದ ಕೊನೆಗೆ ಕುಟುಂಬದ ಬಳಿಗೆ ಮರಳುವುದರ ಬೆಲೆ ಜನರಿಗೆ ತಿಳಿಯದೆಂದು ವ್ಯಥೆಪಟ್ಟರು. ಕೋಣೆಯಲ್ಲಿ ಒಬ್ಬನೇ ಕುಳಿತು ಕೊರಗಲು ತನಗಿಷ್ಟವಿಲ್ಲವೆಂದರು.

ಈ ಪ್ರಸಂಗವನ್ನು ಶಿಕಾಗೊ ಪ್ರಸಂಗದೊಡನೆ ಬೆರೆಸಬಾರದು. ಡ್ರೆಸ್ಸಿಂಗ್ ರೂಮ್ ತಂಡದ ಸೊತ್ತು. ಅಲ್ಲಿ ಯಾರಿರಬೇಕೆಂದು ತಂಡ ನಿರ್ಧರಿಸಬಹುದು. ದಿನದ ಆಟ ಮುಗಿದ ಮೇಲಿನ ಸಂಜೆ ಆಟಗಾರನದು. ಹೋಟೆಲಿನ ಕೋಣೆಯೇ ಆಗ ಅವನ ಮನೆ. ಅಲ್ಲಿ ಮಗು ತೊಡೆಯೇರಿ ಕುಳಿತರೆ ಜೊತೆಗಾರನಿಗೆ ನಷ್ಟವೇನು? ಪ್ರವಾಸದಲ್ಲಿ ತಂಡದ ಒಗ್ಗಟ್ಟು, ಶಿಸ್ತು ಮುಖ್ಯವೆಂಬ ಮಂಡಳಿಯ ಕಾಳಜಿ ಅರ್ಥವಾಗುವಂಥದೇ. ಆದರೆ ಸೋಲಿನ ಮರುದಿನ ಬರೆದ ನಿಯಮ, ಸೋಲಿಗೆ ಮನೆಯವರೇ ಹೊಣೆಯೆಂಬ ಧ್ವನಿಯನ್ನು ತಾನಾಗಿಯೇ ಪಡೆದುಕೊಳ್ಳುತ್ತದೆ. ಕೆಲಸದ ಸ್ಥಳಕ್ಕೆ ಗಡಿ ಹಾಕುವ ಅಧಿಕಾರವುಳ್ಳವರು ಸಂಸಾರಕ್ಕೂ ಗಡಿ ಹಾಕಹೊರಟರೆ ಹೆಚ್ಚಿನ ಕಾರಣಗಳನ್ನು ಕೊಡಬೇಕಾಗುತ್ತದೆ.

ಕೊನೆಯದಾಗಿ ಮಗುವಿನ ಹಿತವೇನು ಎಂದು ಕೇಳಬೇಕು. ಈ ಎಲ್ಲ ವಾದಗಳಲ್ಲಿ ಅತಿ ಕಡಿಮೆ ಕೇಳಿಬಂದ ದನಿ ಅದರದೇ. ಶಾಲೆಯಲ್ಲಿ ಕಲಿಯುವುದಕ್ಕಿಂತ ಹೆಚ್ಚು ಉಪಯುಕ್ತವಾದುದನ್ನು ಮಗ ತಂಡದ ಕೋಣೆಯಲ್ಲಿ ಕಲಿಯುತ್ತಾನೆಂದು ಲರೋಶ್ ಹಿಂದೊಮ್ಮೆ ಹೇಳಿದ್ದರು. ಶ್ರಮ, ಸೋಲು, ಒಗ್ಗಟ್ಟು ಇವುಗಳನ್ನು ಕಣ್ಣಾರೆ ಕಂಡು ಕಲಿಯುವುದು ದೊಡ್ಡ ಶಿಕ್ಷಣವೇ. ಆದರೆ ತನ್ನ ವಯಸ್ಸಿನವರೊಡನೆ ಜಗಳವಾಡಿ, ರಾಜಿಯಾಗಿ, ಯಾರ ಮಗನೆಂಬ ಹೆಸರಿಲ್ಲದೆ ನಿಲ್ಲಲು ಕಲಿಯುವುದೂ ಶಿಕ್ಷಣ. ಎಲ್ಲರೂ ಮುದ್ದಿಸುವ ಕೋಣೆಯಲ್ಲಿ ಅದು ದೊರೆಯಲಾರದು. ತಂದೆಯ ದುಡಿಮೆಯನ್ನು ನೋಡಲು ಬರುವುದು ಬೇರೆ, ಅದರ ನಡುವೆ ವಾಸಿಸುವುದು ಬೇರೆ. 2023ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಸಾನಿಯಾ ಮಿರ್ಜಾ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರೊಡನೆ ಮಿಶ್ರ ಡಬಲ್ಸ್ ಅಂತಿಮ ಪಂದ್ಯವನ್ನು ಆಡಿ ಸೋತರು. ಅವರ ನಾಲ್ಕು ವರ್ಷದ ಮಗ ಪ್ರೇಕ್ಷಕರ ನಡುವೆ ಕುಳಿತು ಆ ಆಟವನ್ನು ನೋಡಿದನು. ತಾಯಿಯ ದುಡಿಮೆಯನ್ನೂ ಅವಳ ಸೋಲನ್ನೂ ಅವನು ಕಂಡನು. ಯಾರ ಕೆಲಸಕ್ಕೂ ಅಡ್ಡಿಯಾಗಲಿಲ್ಲ.

ಲರೋಶ್ ಅವರ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟು. ಕೊಟ್ಟ ಮಾತಿನಿಂದ ಹಿಂದೆ ಸರಿದ ಸಂಸ್ಥೆ ನಿರ್ದೋಷಿಯಲ್ಲ. ತನ್ನ ಆಯ್ಕೆಯ ಬೆಲೆಯನ್ನು ತಾನೇ ತೆತ್ತು ಹೊರಟ ತಂದೆಯಲ್ಲಿ ಗೌರವಾರ್ಹವಾದ ಗುಣವಿದೆ. ಆದರೆ ಅವರು ಕೇಳಿದ್ದು ಸಂಸ್ಥೆಯೊಂದೇ ಕೊಡಬಹುದಾದ ವಸ್ತುವಾಗಿರಲಿಲ್ಲ. ಅದು ಆ ಕೋಣೆಯಲ್ಲಿದ್ದ ಎಲ್ಲರ ಸೊತ್ತು. ಅಷ್ಟೇ ಅಲ್ಲ, ಆ ಹಠದ ಫಲವಾಗಿ ಹದಿನಾಲ್ಕರ ಬಾಲಕನೊಬ್ಬನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಚರ್ಚೆಗೊಳಗಾಯಿತು. ವಾರಕ್ಕೆ ಎರಡು ದಿನ ಅವನನ್ನು ಮನೆಯಲ್ಲಿ ಬಿಟ್ಟುಬಂದಿದ್ದರೆ ಆ ಹೊರೆ ಅವನ ಹೆಗಲೇರುತ್ತಿರಲಿಲ್ಲ.

ಮಕ್ಕಳನ್ನು ಜೊತೆಗೆ ಕರೆದೊಯ್ಯುವಾಗ ಅವರಿಗೆ ಕಲಿಸಬಹುದಾದ ಮೊದಲ ಪಾಠವೆಂದರೆ, ಈ ಸ್ಥಳ ನಮ್ಮದಷ್ಟೇ ಅಲ್ಲ ಎಂಬುದು. ಅದನ್ನು ಬಾಯಿಮಾತಿನಿಂದ ಕಲಿಸಲಾಗದು. 'ಇವತ್ತು ಸಾಕು, ಮನೆಗೆ ಹೋಗೋಣ' ಎಂದು ಹೆತ್ತವರು ಯಾರೂ ಹೇಳುವ ಮೊದಲೇ ಎದ್ದುನಿಂತಾಗ, ಮಗು ಅದನ್ನು ತಾನಾಗಿಯೇ ಕಲಿಯುತ್ತದೆ.